ತಿರುಗದ ಬಾಣ

"ಅವಳನ್ನು ಒಳಗೆ ಹಾಕಿ" ಎಂದು ನ್ಯಾಯಾಲಯದ ಮುಂದೆ ಕೂಗಿದವರಲ್ಲಿ ನೀವೂ ಇದ್ದಿರಲ್ಲವೇ?

ಕೂಗಲು ಕಾರಣವಿತ್ತು. ಎರಡು ಬೀದಿಗಳ ನಡುವೆ ಒಂದು ಹಳೆಯ ಕಟ್ಟಡ. ಎರಡೂ ಬೀದಿಗೆ ಒಂದೇ ಬಗೆಯ ಬಾಗಿಲು. ಉತ್ತರದ ಅರ್ಧ ಖಾಲಿ ಗೋದಾಮು, ಕೆಡವಬೇಕಾದದ್ದು ಅದನ್ನು. ದಕ್ಷಿಣದ ಅರ್ಧದಲ್ಲಿ ಒಬ್ಬ ದರ್ಜಿಯ ಸಂಸಾರ. ಅದನ್ನು ಮುಟ್ಟಕೂಡದೆಂದು ಕಟ್ಟಡದ ಮಾಲೀಕನಿಗೆ ನ್ಯಾಯಾಲಯವೇ ಹೇಳಿತ್ತು. ಕೆಡವುವ ಯಂತ್ರ ದಕ್ಷಿಣಕ್ಕೆ ನುಗ್ಗಿತು. ಹೆಂಡತಿ ಓಡಿ ಬದುಕಿದಳು. ಹೊಲಿಗೆಯ ಸದ್ದಿನಲ್ಲಿ ಮೈಮರೆತಿದ್ದ ದರ್ಜಿ ಹೊರಗೆ ಬರಲಿಲ್ಲ.

ಯಂತ್ರದ ಚಾಲಕ ಪೊಲೀಸರತ್ತ ನಕ್ಷೆಯ ಹಾಳೆ ಚಾಚಿದ. "ಬಾಣ ನೋಡ್ಕೊಂಡೇ ಹೊಡೆದೆ ಸ್ವಾಮಿ."

ಆ ಹಾಳೆ ಜೋಡಿಸಿದವಳು ಹೆಸರಾಂತ ವಾಸ್ತುಶಿಲ್ಪಿಯೊಬ್ಬರ ಕಚೇರಿಗೆ ಆಗತಾನೆ ಸೇರಿದ್ದ ಹುಡುಗಿ. ಮೊದಲ ಕೆಲಸ. ಕಂಪ್ಯೂಟರಿನ ಪರದೆಯ ಮೇಲೆ ಖಾಲಿ ಹಾಳೆ. ಮೂಲೆಯಲ್ಲಿ, ಉತ್ತರ ಮೇಲಿದೆ ಎಂದು ತೋರುವ ಬಾಣ. ಯಜಮಾನರು ಅವಳ ಕುರ್ಚಿಯ ಹಿಂದೆ ನಿಂತಿದ್ದರು.

"ಚೌಕಟ್ಟು, ಬಾಣ ಎಲ್ಲಾ ನಾನೇ ಹಾಕಿಟ್ಟಿದೀನಿ ಪುಟ್ಟಿ. ಟಿಪ್ಪಣಿಗೆ ಮೇಲ್ಗಡೆ ಜಾಗ ಬೇಕು, ನಕ್ಷೇನ ತಲೆಕೆಳಗೆ ಮಾಡಿ ಕೂರಿಸು."

ಅವಳು ನಕ್ಷೆಯನ್ನು ತಿರುಗಿಸಿದಳು, ಬಾಣವನ್ನು ಮರೆತಳು. ಕೆಡವಲು ಗುರುತು ಹಾಕಿದ್ದ ಗೋದಾಮು ಹಾಳೆಯ ಕೆಳಗೆ ಬಂತು. ಬಾಣದ ಪ್ರಕಾರ ಅದು ದಕ್ಷಿಣ. ಕಲಿತವಳು ಹೀಗೆ ಮಾಡಬಹುದೇ?

"ನಿನ್ನ ಹೆಸರು ಹಾಕು. ದೊಡ್ಡದಾಗೇ ಇರಲಿ."

ಯಾವ ಹಾಳೆಯಲ್ಲೂ ಬೇರೆಯವರ ಹೆಸರು ಬರಗೊಡದ ಮನುಷ್ಯ! ಪಕ್ಕದ ಮೇಜಿನವನು ಕಿಚಾಯಿಸಿದ: "ಬೆನ್ನು ಬಗ್ಗಿಸಿ ಸವೆದ ನಮಗಿಲ್ಲ, ನಿನ್ನೆ ಬಂದ ನಿಂಗೆ! ಸಿಹಿ ಯಾವಾಗಮ್ಮ?"

"'ಪರಿಶೀಲಿಸಿದವರು' ಅನ್ನೋ ಕಡೆ ಖಾಲಿ ಇದೆ ಸಾರ್."

"ಇರಲಿ ಬಿಡು. ನಿನ್ನ ಮೇಲೆ ನಂಗೆ ನಂಬಿಕೆ ಇದೆ."

ಹಾಳೆಯ ಒಂದು ಪ್ರತಿ ಮನೆಯ ಗೋಡೆಗೇರಿತು. "ನೆಟ್ಟಗೆ ಅಂಟಿಸಿದೀನೇನೇ?" ತಾಯಿ ಹಿಂದೆ ಸರಿದು ನೋಡಿದಳು.

"ನೆಟ್ಟಗೇ ಇದೆಯಮ್ಮ."

ಪೊಲೀಸರು ಸಾಕ್ಷ್ಯಕ್ಕೆಂದು ಅದನ್ನೂ ಕಿತ್ತೊಯ್ದರು.

ಸಾಕ್ಷಿಯ ಕಟಕಟೆಯಲ್ಲಿ ಯಜಮಾನರು ಕಣ್ಣೊರೆಸಿಕೊಂಡರು. "ಮಗಳ ಹಾಗೆ ನೋಡ್ಕೊಂಡಿದ್ದೆ." ಅವಳಿಗೆ ಸೆರೆವಾಸವಾಯಿತು. ನ್ಯಾಯ ಗೆದ್ದಿತೆಂದು ನೀವು ಮನೆಗೆ ಹೋಗಿ ಉಂಡು ಮಲಗಿದಿರಿ.

ಮರುದಿನ ಕಟ್ಟಡದ ಮಾಲೀಕ ಆ ಕಚೇರಿಗೆ ಬಂದ. ಯಜಮಾನರು ಇನ್ನೊಂದು ಹಾಳೆ ತೆರೆದರು: ಗೋದಾಮಿನ ಜಾಗವನ್ನೂ ದರ್ಜಿಯ ಜಾಗವನ್ನೂ ಒಟ್ಟಿಗೆ ನುಂಗಿ ನಿಂತ ಬಹುಮಹಡಿ ಕಟ್ಟಡದ ನಕ್ಷೆ.

"ಬಾಣ ಕೆಳಗೆ ತೋರಿಸ್ತಿದೆಯಲ್ಲ ಸಾರ್?"

"ನಕ್ಷೆ ತಿರುಗಿಸಿದ್ಮೇಲೆ ಬಾಣಾನೂ ತಿರುಗಿಸಬೇಕಲ್ಲಪ್ಪ. ಅಷ್ಟೂ ಗೊತ್ತಿರಲ್ವಾ ನಂಗೆ?"

ಮಾಲೀಕ ನಕ್ಕ. "ಇದನ್ನ ಯಾವಾಗ ರೆಡಿ ಮಾಡಿದ್ರಿ?"

"ಆ ಹುಡುಗೀನ ಕೆಲಸಕ್ಕೆ ತಗೊಳ್ಳೋಕೂ ಮುಂಚೆ."

ಅಂದು ಅಷ್ಟು ಗಟ್ಟಿಯಾಗಿ ಕೂಗಿದಿರಿ. ದಯವಿಟ್ಟು ಅದೇ ನ್ಯಾಯಾಲಯದ ಮುಂದೆ ನಿಂತು ಇನ್ನೊಮ್ಮೆ ಕೂಗಿ.