ಮೂರನೇ ಮಹಡಿಯ ಟೇಬಲ್

ಕ್ಲಿನಿಕ್ ತೆರೆದು ವಾರವಾದರೂ ಮೂಳೆ ಡಾಕ್ಟರಿಗೆ ಬೋಣಿಯಾಗಿರಲಿಲ್ಲ. ಬಾಡಿಗೆ ಅಗ್ಗವೆಂದು ಹಿಡಿದದ್ದು ಲಿಫ್ಟ್ ಇಲ್ಲದ ಮೂರನೇ ಮಹಡಿ. ಸೊಂಟ ನೋವಿನವರು ಅಷ್ಟು ಮೆಟ್ಟಿಲು ಹತ್ತಿ ಬರುವುದಾದರೂ ಹೇಗೆ?

ಆ ಬೆಳಿಗ್ಗೆ, ಸೊಂಟ ನೋವಿನವರ ಬೆನ್ನು ಎಳೆದು ಸಡಿಲಿಸುವ ಹೊಸ ಟ್ರ್ಯಾಕ್ಷನ್ ಟೇಬಲ್ ಬಂತು. ಅದನ್ನು ಮಾಡಿದ ವೆಲ್ಡಿಂಗ್ ಮೇಸ್ತ್ರಿ ಪಕ್ಕದಲ್ಲಿ ನಿಂತು, ಬೆವರೊರೆಸಿಕೊಳ್ಳುತ್ತ ವಿವರಿಸಿದ.

"ಪೇಷಂಟ್‌ನ ಮಲಗಿಸಿ ಸೊಂಟಕ್ಕೆ ಬೆಲ್ಟ್ ಕಟ್ಟಿ, ಸಾರ್. ಮೋಟಾರು ಕಾಲಿನ ಕಡೆಗೆ ಮೆಲ್ಲಗೆ ಎಳೆಯುತ್ತೆ. ಹಲಗೆಯ ಕೆಳಗಿನರ್ಧ ಗಾಲಿ ಮೇಲೆ ಜೊತೆಗೇ ಜಾರುತ್ತೆ, ಬೆನ್ನು ಉಜ್ಜಲ್ಲ."

"ಎಳೆಯುವಾಗ ಟೇಬಲ್ಲೇ ಅಲ್ಲಾಡಿದ್ರೆ?"

"ಅದಕ್ಕೇ ಬುಡಕ್ಕೆ ದಪ್ಪ ಕಬ್ಬಿಣ ಹಾಕಿದೀನಿ. ಆನೆ ಬಂದು ನೂಕಿದ್ರೂ ಕದಲಲ್ಲ."

ಡಾಕ್ಟರು ಎರಡೂ ಕೈಯಿಂದ ನೂಕಿ ನೋಡಿದರು. ಕದಲಲಿಲ್ಲ.

"ಟೇಬಲ್ ಏನೋ ಚೆನ್ನಾಗಿದೆ. ಮಲಗೋಕೆ ಜನ ಬೇಕಲ್ಲ, ಮೇಸ್ತ್ರಿ," ಎಂದು ನಿಟ್ಟುಸಿರಿಟ್ಟರು. ಆಮೇಲೆ ನೆನಪಾಗಿ, "ಇದನ್ನ ಹೊತ್ತು ತಂದೋರು ಎಲ್ಲಿ? ಕರೀರಿ, ಕಾಫಿ ಕುಡೀಲಿ," ಎಂದರು.

ಮೇಸ್ತ್ರಿ ತಲೆ ಕೆರೆದುಕೊಂಡ.

"ಮೂರು ಜನಾನೂ ಸೊಂಟ ಹಿಡ್ಕೊಂಡು ಮೆಟ್ಟಿಲ ಮೇಲೇ ಮಲಗಿದಾರೆ, ಸಾರ್. ಬೋಣಿಗೆ ಯಾರನ್ನ ಎತ್ಕೊಂಡು ಬರ್ಲಿ?"