ಅರ್ಥವಾಗಬಾರದ ಮಾತು

ಹಳೆಯ ಕೌಬಾಯ್ ಚಿತ್ರವೊಂದನ್ನು ಕನ್ನಡಕ್ಕೆ ಡಬ್ ಮಾಡುತ್ತಿದ್ದರು. ಬುಡಕಟ್ಟಿನ ನಾಯಕನಿಗೆ ದನಿ ಕೊಡಲು ಬಂದವನ ಹಾಳೆಯಲ್ಲಿ ಹಿಂದಿನ ಚಿತ್ರಗಳಂತೆಯೇ ಬರೀ ‘ಹೋ ಹೋ’ ಎಂದಿತ್ತು.

“ಈ ಸಲಾನೂ ಒದರೂದಷ್ಟೇ ಏನ್ರಿ ಸರ್? ನಾಯಕ ಮಗನ ಹೆಣದ ಮುಂದ ಕುಂತಾನ, ಒಂದು ಮಾತಾದ್ರೂ ಕೊಡ್ರಿ.”

“ಬಿಳಿಯರಿಗೆಲ್ಲ ಮಾತು ಬರೆದಿದ್ದೀನಲ್ಲ, ಸಾಕು,” ಎಂದರು ನಿರ್ದೇಶಕರು. “ಇವನದು ಯಾರಿಗೂ ಅರ್ಥ ಆಗಬಾರದು. ಬೇಕಾದ್ರೆ ನೀನೇ ಏನಾದ್ರೂ ಹುಟ್ಟಿಸಿ ಹೇಳು.”

ಅವನು ಹಾಳೆ ಮಡಚಿಟ್ಟು ಮೈಕಿನ ಮುಂದೆ ನಿಂತ. ಪರದೆಯ ಮೇಲಿನ ತುಟಿಗಳು ನಿಲ್ಲುವವರೆಗೂ ಮಾತಾಡಿದ.

ನಿರ್ದೇಶಕರು ಚಪ್ಪಾಳೆ ತಟ್ಟಿದರು. “ಭಲೇ! ಅಪ್ಪಟ ಕಾಡುಭಾಷೆ. ಹೆಂಗಯ್ಯಾ ಹುಟ್ಟಿಸಿದೆ?”

“ನಮ್ಮ ಲಂಬಾಣಿ ತಾಂಡಾದಾಗ, ಅಣ್ಣ ತೀರಿಕೊಂಡ ದಿನ ನಮ್ಮವ್ವ ಇದನ್ನ ಹೇಳಿ ಅತ್ತಿದ್ಲು ಸರ್.”