ಕೆಂಪು ಮುಚ್ಚಳದ ಬೇರಿಂಗುಗಳು

ಮೇಲಿನ ಮನೆಯ ಹುಡುಗಿ ಸ್ಕೇಟ್‌ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ಬಾಗಿಲಿಗೆ ಬಂದಾಗ ತಾಯಿ ಮಗಳು ಇಬ್ಬರೂ ಒಗೆದ ಹೊದಿಕೆಯನ್ನು ಆ ತುದಿ ಈ ತುದಿ ಹಿಡಿದು ಹಿಂಡುತ್ತಿದ್ದರು. ಹುಡುಗಿಯನ್ನು ಕಂಡದ್ದೇ ತಾಯಿಯ ಹಿಡಿತ ಸಡಿಲವಾಯಿತು. ಅವಳ ಕಡೆಯ ತುದಿ ಜಾರಿ ಒದ್ದೆ ನೆಲಕ್ಕೆ ಬಿತ್ತು.

"ಏನಮ್ಮಾ ನೀನು, ಒಂದು ತುದಿ ಹಿಡ್ಕೊಳ್ಳೋಕ್ಕೂ ಆಗಲ್ವಾ?" ಎಂದು ಮಗಳು ನಕ್ಕಳು. ನಿನ್ನೆ ಬಯಲಿನಲ್ಲಿ ನಡೆದ ಸ್ಕೇಟ್‌ಬೋರ್ಡ್ ಓಟದಲ್ಲಿ ಮೊದಲು ಬಂದವಳು. ಬೆಳಿಗ್ಗೆಯಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಹುಡುಗಿ ತನ್ನ ಬೋರ್ಡನ್ನು ಕೆಲಸದ ಮೇಜಿನ ಮೇಲೆ, ಬಿಚ್ಚಿಟ್ಟ ಎರಡು ಮಿಕ್ಸಿಗಳ ನಡುವೆ ಇಟ್ಟಳು. ಮಿಕ್ಸಿ, ಫ್ಯಾನುಗಳ ಮೋಟಾರು ರಿಪೇರಿ ತಾಯಿಯ ಕಸುಬು. ಅಕ್ಕಪಕ್ಕದ ಮಕ್ಕಳ ಚಕ್ರದ ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಎರಡು ತೊಟ್ಟು ಎಣ್ಣೆ ಬಿಟ್ಟು ಕೊಡುವವಳೂ ಅವಳೇ. ಹಿಂದಿನ ಚಕ್ರ ಎಲ್ಲೋ ತಡೆಯುತ್ತಿದೆ, ನಿನ್ನೆ ತಿರುವಿನಲ್ಲಿ ಯಾರೋ ಅಂಗಿ ಹಿಡಿದು ಹಿಂದಕ್ಕೆ ಎಳೆದ ಹಾಗಾಯಿತು ಎಂದು ಹುಡುಗಿ ಹೇಳಿದಳು. ನಾಲ್ಕನೆಯವಳಾಗಿ ಬಂದಿದ್ದಳು, ಪಾಪ. ಆದರೂ ಮಾತಿನಲ್ಲಿ ದೂರಿನ ಸುಳಿವೇ ಇರಲಿಲ್ಲ.

"ನಿಮ್ಮ ಕೈಗುಣ ಇವಳಿಗೆ ಹಿಡೀತು ಆಂಟಿ, ನನಗೆ ಹಿಡೀಲಿಲ್ಲ ಅಷ್ಟೇ."

"ಧೂಳು ಕೂತಿರಬೇಕು ಕಣಮ್ಮಾ. ಇಟ್ಟು ಹೋಗು, ನೋಡ್ತೀನಿ," ಎಂದಳು ತಾಯಿ. ಸುಳ್ಳು ಎಷ್ಟು ಸಲೀಸಾಗಿ ನಾಲಗೆಯಿಂದ ಇಳಿಯಿತೆಂದರೆ ಅವಳ ಕಿವಿಗಳೇ ಬಿಸಿಯಾದವು.

ಆರು ತಿಂಗಳ ಹಿಂದೆ ಮಗಳ ಬೇರಿಂಗುಗಳು ಸವೆದಾಗ ತಾಯಿ ಮಿಕ್ಸಿ ಮೋಟಾರಿಗೆ ಹಾಕುವವನ್ನೇ ತಂದು ಕೂರಿಸಿದ್ದಳು. ಅಳತೆ ಒಂದೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮಗಳು ಒಂದನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸಿ, ಗೆಳತಿಯಾದ ಈ ಹುಡುಗಿಯದನ್ನು ಪಕ್ಕದಲ್ಲಿ ಹಿಡಿದು, ಇದರ ಓಟವೇ ಬೇರೆ ಅದರ ಓಟವೇ ಬೇರೆ ಎಂದು ಎಷ್ಟು ತೋರಿಸಿದರೂ ತಾಯಿ ಒಪ್ಪಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮೇಲೊಂದು ಗಾದೆ ಸೇರಿಸಿದ್ದಳು. ಓಟದ ಹಿಂದಿನ ದಿನ ಎರಡೂ ಬೋರ್ಡುಗಳು ಒಟ್ಟಿಗೆ ಮೇಜಿಗೆ ಬಂದಾಗ, ತೊಳೆದು ಒರೆಸಿದ ಮೇಲೆ, ಯಾಕೋ ಎರಡು ಕೈಯ ಬೆರಳಿಗೂ ಒಂದೊಂದು ಸಿಕ್ಕಿಸಿ ತಿರುಗಿಸಿ ನೋಡಿದಳು. ಹುಡುಗಿಯದು ಸದ್ದೇ ಇಲ್ಲದೆ ತಿರುಗಿತು, ತಿರುಗುತ್ತಲೇ ಇತ್ತು. ಮಗಳದು ಗರಗರ ಎಂದು ನಾಲ್ಕು ಸುತ್ತಿಗೇ ಸೋತಿತು.

ಮಗಳು ಇನ್ನೂ ಶಾಲೆಯಿಂದ ಬಂದಿರಲಿಲ್ಲ. ಅಂಗಡಿಗೆ ಹೋಗಿ ಅಂಥವನ್ನೇ ಆರಿಸಿ ತರುವಷ್ಟು ಹೊತ್ತೂ ಉಳಿದಿರಲಿಲ್ಲ. ಕೈ ಮನಸ್ಸನ್ನು ಕೇಳಲಿಲ್ಲ. ನಾಲ್ಕು ಚಕ್ರಗಳ ಎಂಟಕ್ಕೆ ಎಂಟು ಬೇರಿಂಗುಗಳನ್ನೂ ಅದಲು ಬದಲು ಮಾಡಿ, ಗುರುತು ಸಿಗಬಾರದೆಂದು ಅವುಗಳ ಮೇಲಿನ ತೆಳ್ಳನೆಯ ಮುಚ್ಚಳಗಳನ್ನು ಮಾತ್ರ ಆಯಾ ಬೋರ್ಡಿಗೇ ಉಳಿಸಿದಳು: ಹುಡುಗಿಯದಕ್ಕೆ ಕೆಂಪು, ಮಗಳದಕ್ಕೆ ಕಪ್ಪು. ಓಟ ಮುಗಿದ ಮೇಲೆ ಮತ್ತೆ ಬದಲಿಸಿದರಾಯಿತು, ಯಾರ ಗಂಟೇನು ಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಈಗ ಹುಡುಗಿ ಮೆಟ್ಟಿಲು ಹತ್ತಿ ಹೋದಳು. ಬೋರ್ಡು ತಾನಾಗಿಯೇ ಮನೆಗೆ ಬಂದಿದೆ, ಮಗಳನ್ನು ಒಂದು ಗಳಿಗೆ ಆಚೆ ಕಳಿಸಿದರೆ ಎಲ್ಲ ಮೊದಲಿನಂತಾಗುತ್ತದೆ ಎಂದು ತಾಯಿಗೆ ಹೊಳೆಯಿತು. ಹಾಗೆ ಹೊಳೆದದ್ದಕ್ಕೂ ನಾಚಿಕೆಯಾಯಿತು. ಆದರೂ, ತಾರಸಿಗೆ ಹೋಗಿ ಬಟ್ಟೆ ಹಗ್ಗ ಬಿಗಿಯಾಗಿ ಕಟ್ಟಿ ಬಾ ಎಂದಳು. ಮಗಳು ಕೇಳಿಸಿಕೊಳ್ಳಲಿಲ್ಲ. ಗೆಳತಿಯ ಬೋರ್ಡಿನ ಹಿಂದಿನ ಚಕ್ರ ತಿರುಗಿಸಿ, ಬಾಗಿ ಕಿವಿ ಕೊಟ್ಟಿದ್ದಳು. ಆ ಗರಗರ ಅವಳಿಗೆ ಹೊಸದೇ? ಆರು ತಿಂಗಳು ದಿನಾ ಸಂಜೆ ಕೇಳಿದ ಸದ್ದು.

"ನೀನು ಬಿಡು ಪುಟ್ಟಾ, ನಾನು ನೋಡ್ತೀನಿ ಅಂದೆನಲ್ಲ."

ಮಗಳು ಬಿಡಲಿಲ್ಲ. ಚಕ್ರ ಕಳಚಿ, ಬೇರಿಂಗನ್ನು ಹೊರತೆಗೆದು, ಸೂಜಿಯ ಮೊನೆಯಿಂದ ಕೆಂಪು ಮುಚ್ಚಳ ಎತ್ತಿದಳು. ಒಳಗೆ ಗುಂಡುಗಳನ್ನು ಹಿಡಿದಿಡುವ ಬಳೆ ಕಬ್ಬಿಣದ್ದು, ಮಿಕ್ಸಿಯದರಂತೆ. ಎದ್ದು ಹೋಗಿ ತನ್ನ ಬೋರ್ಡು ತಂದಳು. ಅದರ ಕಪ್ಪು ಮುಚ್ಚಳ ಎತ್ತಿದರೆ ಒಳಗೆ ಬಿಳಿ ಪ್ಲಾಸ್ಟಿಕ್ಕಿನ ಬಳೆ. ಎರಡನ್ನೂ ಅಕ್ಕಪಕ್ಕ ಇಟ್ಟು, ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು ತಿರುಗಿಸಿದಳು.

ತಾಯಿ ಬಂದು ಪಕ್ಕದಲ್ಲಿ ನಿಂತಳು. ಒಣಗಿದ ಕೈಯನ್ನೇ ಮತ್ತೆ ಮತ್ತೆ ಬಟ್ಟೆಗೆ ಒರೆಸಿಕೊಂಡಳು. ಹೇಳಬೇಕಾದ್ದನ್ನೆಲ್ಲ ಒಳಗೊಳಗೇ ಜೋಡಿಸಿದಳು: ತಪ್ಪಾಯಿತು ಕಂದಾ, ಈಗಲೇ ಮೇಲೆ ಹೋಗಿ ಅವಳ ಮುಂದೆಯೂ ಹೇಳ್ತೀನಿ, ಅವಳ ಅಮ್ಮನ ಮುಂದೆಯೂ ಹೇಳ್ತೀನಿ. ಕದ್ದೆಯಾ ಎಂದು ಮಗಳು ಕೇಳಿದರೆ ಹೌದು ಎನ್ನಲೂ ಗಟ್ಟಿ ಮನಸ್ಸು ಮಾಡಿಕೊಂಡಳು.

ಮಗಳು ತಲೆ ಎತ್ತಿದಳು. ಕಣ್ಣಲ್ಲಿ ಸಿಟ್ಟು ಹುಡುಕಿದರೂ ಸಿಗಲಿಲ್ಲ. ಸಿಕ್ಕಿದ್ದರೆ ತಾಯಿಗೆ ಎಷ್ಟೋ ಹಗುರಾಗುತ್ತಿತ್ತು.

"ಅಮ್ಮಾ," ಎಂದಳು, "ನನ್ನ ಕೈಲಿ ಆಗಲ್ಲ ಅಂತ ನಿನಗೆ ಯಾವಾಗಿಂದ ಅನ್ನಿಸ್ತಾ ಇತ್ತು?"